ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ

ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯವು ಕರ್ನಾಟಕದ ಹಾವೇರಿ ಜಿಲ್ಲೆಯಲ್ಲಿರುವ ವನ್ಯಜೀವಿ ಅಭಯಾರಣ್ಯ. 1974ರಲ್ಲಿ ಘೋಷಿತವಾದ ಇದರ ಒಟ್ಟು ವಿಸ್ತೀರ್ಣ 119 ಚದರ ಕಿಲೋಮೀಟರ್. ಬಯಲುಸೀಮೆಯ ಕುರುಚಲು ಕಾಡು, ಹುಲ್ಲುಗಾವಲು ಮತ್ತು ನೀಲಗಿರಿ ನೆಡುತೋಪುಗಳು ಇಲ್ಲಿ ಬೆರೆತಿವೆ. ಕೃಷ್ಣಮೃಗಗಳ ದೊಡ್ಡ ಹಿಂಡುಗಳಿಗೆ ಈ ಅಭಯಾರಣ್ಯವು ಹೆಸರಾಗಿದೆ. ತೋಳ, ಕತ್ತೆಕಿರುಬ, ನರಿ, ಮುಳ್ಳುಹಂದಿ ಮತ್ತು ಬಯಲನ್ನು ಆಶ್ರಯಿಸಿದ ಅನೇಕ ಹಕ್ಕಿಗಳು ಕೂಡ ಇಲ್ಲಿ ನೆಲೆಸಿವೆ. ಒಂದು ಕಾಲದಲ್ಲಿ ಎರೆಭೂತ ಹಕ್ಕಿಯೂ ಇಲ್ಲಿ ಕಾಣಸಿಗುತ್ತಿತ್ತು. ಹುಲ್ಲುಗಾವಲನ್ನು ಕಾಡಾಗಿಸಲು ಹೊರಟಾಗ ಏನನ್ನು ಗಳಿಸುತ್ತೇವೆ, ಏನನ್ನು ಕಳೆದುಕೊಳ್ಳುತ್ತೇವೆ ಎಂಬುದಕ್ಕೆ ಈ ಪ್ರದೇಶವು ಕರ್ನಾಟಕದ ಮುಖ್ಯ ನಿದರ್ಶನಗಳಲ್ಲಿ ಒಂದಾಗಿದೆ.

ಹೆಸರು

ಕೃಷ್ಣಮೃಗ ಎಂಬುದು ಸಂಸ್ಕೃತ ಮೂಲದ ಪದ; ಕಪ್ಪು ಜಿಂಕೆ ಎಂದು ಇದರ ಅರ್ಥ. ಬೆಳೆದ ಗಂಡಿನ ಬೆನ್ನು ಮತ್ತು ಪಕ್ಕೆಗಳ ಕಡುಬಣ್ಣದಿಂದ ಈ ಹೆಸರು ಬಂದಿದೆ. ಸಂಸ್ಕೃತ ಗ್ರಂಥಗಳಲ್ಲಿ ಕೃಷ್ಣಸಾರ ಎಂಬ ಹೆಸರೂ ಬಳಕೆಯಲ್ಲಿದೆ. ಹಾವೇರಿ, ಧಾರವಾಡ, ಗದಗ ಭಾಗದ ಆಡುಮಾತಿನಲ್ಲಿ ಇದು 'ಚಿಗರಿ'. ಹುಬ್ಬಳ್ಳಿ–ಧಾರವಾಡ ನಡುವೆ ಸಂಚರಿಸುವ ತ್ವರಿತ ಸಾರಿಗೆ ಬಸ್ಸುಗಳಿಗೆ ಇದೇ ಹೆಸರನ್ನು ಇಡಲಾಗಿದೆ. ಹಳಗನ್ನಡ ಕಾವ್ಯಗಳಲ್ಲಿ ಬರುವ 'ಎರಳೆ', 'ಹುಲ್ಲೆ' ಎಂಬ ಪದಗಳು ಜಿಂಕೆಯ ಜಾತಿಗೆ ಸಾಮಾನ್ಯವಾಗಿ ಸಲ್ಲುತ್ತವೆ.

ಜನರು ಕೃಷ್ಣಮೃಗವನ್ನು ಜಿಂಕೆಯೆಂದೇ ಕರೆಯುತ್ತಾರಾದರೂ ಪ್ರಾಣಿಶಾಸ್ತ್ರದ ದೃಷ್ಟಿಯಲ್ಲಿ ಇದು ಚುಕ್ಕಿಜಿಂಕೆ, ಕಡವೆಗಳ ಕುಟುಂಬಕ್ಕೆ ಸೇರಿದುದಲ್ಲ. ಜಿಂಕೆಗಳ ಕವಲುಗೊಂಬುಗಳು ಕಾಲಕಾಲಕ್ಕೆ ಉದುರಿ ಮತ್ತೆ ಬೆಳೆಯುತ್ತವೆ. ಕೃಷ್ಣಮೃಗದ ಕೊಂಬಿಗೆ ಕವಲಿಲ್ಲ; ದನ, ಆಡುಗಳ ಕೊಂಬಿನಂತೆ ಅದು ಜೀವನಪರ್ಯಂತ ಉಳಿಯುತ್ತದೆ. ಈ ಕಾರಣದಿಂದ ಇದನ್ನು ದನ, ಕುರಿ, ಆಡುಗಳಿರುವ ಬೋವಿಡೇ ಕುಟುಂಬದಲ್ಲಿ ಇರಿಸಲಾಗಿದೆ. ಇದರ ವೈಜ್ಞಾನಿಕ ನಾಮ ಆಂಟಿಲೋಪ್ ಸರ್ವಿಕ್ಯಾಪ್ರ.

ಭೌಗೋಳಿಕ ಹಿನ್ನೆಲೆ

ಹಾವೇರಿ ಜಿಲ್ಲೆಯು 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಜಿಲ್ಲೆಯ ಪಶ್ಚಿಮಕ್ಕಿರುವ ಹಾನಗಲ್ಲ ಭಾಗವು ಮಲೆನಾಡಿನ ಸೆರಗಿಗೆ ತಾಗಿಕೊಂಡಿದ್ದು, ಅಲ್ಲಿ ಭತ್ತದ ಗದ್ದೆ ಮತ್ತು ಕೆರೆಗಳು ಹೆಚ್ಚು. ಪೂರ್ವಕ್ಕೆ ಸಾಗಿದಂತೆ ಮಳೆ ಕಡಿಮೆಯಾಗುತ್ತ ಹೋಗಿ, ಬ್ಯಾಡಗಿಯನ್ನು ದಾಟಿ ರಾಣೆಬೆನ್ನೂರನ್ನು ಸೇರುವ ಹೊತ್ತಿಗೆ ಬಯಲುಸೀಮೆಯ ಲಕ್ಷಣಗಳು ಸ್ಪಷ್ಟವಾಗುತ್ತವೆ. ಅಲೆಯಂತೆ ಏರಿಳಿಯುವ ಬಯಲು, ಅಲ್ಲಲ್ಲಿ ಕಲ್ಲುಗುಡ್ಡ, ಕೆಂಪು ಮಸಾರಿ ನೆಲ ಮತ್ತು ಎರೆನೆಲ ಇಲ್ಲಿನ ಭೂಚಿತ್ರ. ರಾಣೆಬೆನ್ನೂರು ಪಟ್ಟಣವು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ತಾಲ್ಲೂಕಿನ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ. ಕುಮುದ್ವತಿ ನದಿಯು ಅವಳನ್ನು ಸೇರುತ್ತದೆ.

ಇಲ್ಲಿ ಮಳೆಯ ಬಹುಪಾಲು ಜೂನ್‌ನಿಂದ ಅಕ್ಟೋಬರ್‌ವರೆಗೆ ಬೀಳುತ್ತದೆ. ಮುಂಗಾರಿನ ನಂತರ ಮೊಳಕಾಲೆತ್ತರ ಬೆಳೆಯುವ ಹುಲ್ಲು ಸಂಕ್ರಾಂತಿಯ ಹೊತ್ತಿಗೆ ಒಣಗಿ ಹೊಂಬಣ್ಣಕ್ಕೆ ತಿರುಗುತ್ತದೆ. ಮಾರ್ಚ್‌ನಿಂದ ಮೇ ತಿಂಗಳವರೆಗಿನ ಬೇಸಗೆಯು ಪ್ರಾಣಿಗಳಿಗೆ ಮೇವು, ನೀರುಗಳ ಕೊರತೆಯ ಕಾಲ. ಸುತ್ತಲಿನ ಹೊಲಗಳಲ್ಲಿ ಗೋವಿನಜೋಳ, ಹತ್ತಿ, ಜೋಳ, ಶೇಂಗಾ, ಮೆಣಸಿನಕಾಯಿ ಮುಂತಾದವನ್ನು ಬೆಳೆಯುತ್ತಾರೆ. ಕಡುಗೆಂಪು ಬಣ್ಣ ಮತ್ತು ಕಡಿಮೆ ಖಾರಕ್ಕೆ ಪ್ರಸಿದ್ಧವಾದ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಅಭಯಾರಣ್ಯವು ಹೀಗೆ ಬೇಸಾಯದ ಭೂಮಿಯ ನಡುವೆ ಇರುವ ದ್ವೀಪದಂತಿದೆ.

ಅಭಯಾರಣ್ಯದ ರಚನೆ

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಜಾರಿಗೆ ಬಂದ ಎರಡು ವರ್ಷಗಳಲ್ಲಿ, 1974ರ ಜೂನ್‌ನಲ್ಲಿ, ರಾಣೆಬೆನ್ನೂರಿನ ಅರಣ್ಯ ಪ್ರದೇಶವನ್ನು ಕೃಷ್ಣಮೃಗಗಳ ರಕ್ಷಣೆಗಾಗಿ ಅಭಯಾರಣ್ಯವೆಂದು ಘೋಷಿಸಲಾಯಿತು. ಹುಣಸಿಕಟ್ಟಿ, ಹುಲ್ಲತ್ತಿ ಮತ್ತು ಅಳಗೇರಿ ಎಂಬ ಮೂರು ವಿಭಾಗಗಳಲ್ಲಿ ಇದು ಹರಡಿದೆ. ಇದರಲ್ಲಿ 14.87 ಚದರ ಕಿಲೋಮೀಟರ್ ಕೇಂದ್ರ ವಲಯವಾಗಿದ್ದು, ಉಳಿದ 104.13 ಚದರ ಕಿಲೋಮೀಟರ್ ಅದರ ಹೊರವಲಯವಾಗಿದೆ. ಒಟ್ಟು ವಿಸ್ತೀರ್ಣದಲ್ಲಿ ಕೇಂದ್ರ ವಲಯದ ಪಾಲು ಎಂಟರಲ್ಲಿ ಒಂದು ಭಾಗ ಮಾತ್ರ. ಅಭಯಾರಣ್ಯದ ಆಡಳಿತವು ಕರ್ನಾಟಕ ಅರಣ್ಯ ಇಲಾಖೆಗೆ ಸೇರಿದೆ.

ಸಸ್ಯಸಂಪತ್ತು

ಇಲ್ಲಿನ ಸಹಜ ಸಸ್ಯವರ್ಗವು ಮುಳ್ಳುಗಿಡಗಳಿಂದ ಕೂಡಿದ ಕುರುಚಲು ಕಾಡು ಹಾಗೂ ನಡುನಡುವೆ ತೆರೆದ ಹುಲ್ಲುಗಾವಲು. ಜಾಲಿ, ಬೋರೆ, ಕವಳಿ, ತಂಗಡಿ, ಬಂದರಿಕೆ, ಕಕ್ಕೆ, ಮುತ್ತುಗ, ಬೇವು ಮೊದಲಾದವು ಈ ಬಗೆಯ ನೆಲದಲ್ಲಿ ಸಾಮಾನ್ಯವಾಗಿ ಬೆಳೆಯುವ ಗಿಡಮರಗಳು. ಬೇಸಗೆಯ ಆರಂಭದಲ್ಲಿ ಮುತ್ತುಗ ಕೆಂಪಾಗಿ ಅರಳಿದರೆ, ಅದರ ಬೆನ್ನಿಗೆ ಕಕ್ಕೆಯ ಹಳದಿ ಗೊಂಚಲುಗಳು ತೂಗುತ್ತವೆ.

ಹುಲ್ಲುಗಾವಲಿನ ಮಹತ್ವವು ಹೊರನೋಟಕ್ಕೆ ಸುಲಭವಾಗಿ ತಿಳಿಯುವಂಥದ್ದಲ್ಲ. ದಟ್ಟವಾದ ಮರಗಳಿಲ್ಲದ ನೆಲವನ್ನು ಹಾಳುಭೂಮಿ, ಬಂಜರು ಎಂದು ಬಗೆಯುವ ರೂಢಿ ವಸಾಹತು ಆಡಳಿತದ ಕಾಲದಿಂದಲೂ ನಡೆದುಬಂದಿದೆ. ಅಂದಿನ ಲೆಕ್ಕದಲ್ಲಿ ಕಂದಾಯ ತಾರದ, ಮರವನ್ನೂ ಕೊಡದ ನೆಲಕ್ಕೆ ಬೆಲೆಯಿರಲಿಲ್ಲ. ಆದರೆ ಓಡಿ ಬದುಕುವ ಪ್ರಾಣಿಗೆ ದೂರದವರೆಗೆ ಕಾಣುವ ಬಯಲೇ ರಕ್ಷೆ. ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗೆ ಹುಲ್ಲಿನ ಮರೆಯೇ ಗೂಡು. ಹುಲ್ಲಿನ ಬೇರುಗಳು ಮೇಲ್ಮಣ್ಣನ್ನು ಹಿಡಿದಿಡುತ್ತವೆ. ಕುರಿ, ದನಗಳನ್ನು ಸಾಕಿ ಬದುಕುವವರಿಗೆ ಈ ನೆಲವೇ ಗೋಮಾಳ.

ನೀಲಗಿರಿ ನೆಡುತೋಪುಗಳು

ಆಸ್ಟ್ರೇಲಿಯಾ ಮೂಲದ ನೀಲಗಿರಿಯು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮೈಸೂರು ಸೀಮೆಯ ನಂದಿಬೆಟ್ಟಕ್ಕೆ ಬಂದಿತೆಂದು ಹೇಳಲಾಗುತ್ತದೆ. ಕಡಿಮೆ ನೀರಿನಲ್ಲಿಯೂ ಬೇಗ ಬೆಳೆಯುವ, ದನಕರು ಬಾಯಿ ಹಾಕದ, ಕಡಿದರೂ ಬುಡದಿಂದ ಮತ್ತೆ ಚಿಗುರುವ ಗುಣಗಳಿಂದಾಗಿ ಇಪ್ಪತ್ತನೆಯ ಶತಮಾನದ ಮಧ್ಯಭಾಗದ ನಂತರ ಇದನ್ನು ಕರ್ನಾಟಕದ ಒಣಪ್ರದೇಶಗಳಲ್ಲಿ ವ್ಯಾಪಕವಾಗಿ ನೆಡಲಾಯಿತು. ರಾಣೆಬೆನ್ನೂರಿನ ಬಯಲುಗಳೂ ಈ ಕಾರ್ಯಕ್ರಮಕ್ಕೆ ಒಳಪಟ್ಟವು. ಇದೇ ತಾಲ್ಲೂಕಿನ ಕುಮಾರಪಟ್ಟಣದಲ್ಲಿ 1972ರಲ್ಲಿ ಆರಂಭವಾದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯು ರೇಯಾನ್ ನೂಲಿಗೆ ಬೇಕಾದ ತಿರುಳನ್ನು ನೀಲಗಿರಿಯಿಂದ ತಯಾರಿಸತೊಡಗಿದ್ದರಿಂದ ಈ ಮರಕ್ಕೆ ಹತ್ತಿರದಲ್ಲಿಯೇ ಬೇಡಿಕೆ ಉಂಟಾಯಿತು.

ನೆಡುತೋಪುಗಳ ಪರಿಣಾಮವು ಒಂದೇ ತೆರನಾಗಿರಲಿಲ್ಲ. ಸಸಿಗಳ ರಕ್ಷಣೆಗಾಗಿ ದನಗಳ ಮೇಯುವಿಕೆಯನ್ನು ತಡೆದಾಗ ಸಸಿಗಳ ನಡುವೆ ಹುಲ್ಲು ಸೊಂಪಾಗಿ ಬೆಳೆಯಿತು. ಕಾವಲು ಇದ್ದುದರಿಂದ ಬೇಟೆಯೂ ತಗ್ಗಿತು. ಇದರಿಂದ ಕೃಷ್ಣಮೃಗಗಳಿಗೆ ಮೊದಲಲ್ಲಿ ಅನುಕೂಲವೇ ಆಯಿತು. ಮರಗಳು ಬೆಳೆದು ನೆರಳು ಕವಿದಂತೆ ಹುಲ್ಲು ಕ್ಷೀಣಿಸಿತು, ಬಯಲು ಮರೆಯಾಯಿತು. ಕೃಷ್ಣಮೃಗಗಳು ಹಗಲಿನಲ್ಲಿ ತೋಪಿನ ಮರೆಯನ್ನು ಬಳಸಿಕೊಂಡು, ಮೇವಿಗಾಗಿ ತೆರಪುಗಳಿಗೂ ಹೊಲಗಳಿಗೂ ಹೋಗುವುದನ್ನು ರೂಢಿಸಿಕೊಂಡವು. ಅಷ್ಟು ಹೊಂದಿಕೊಳ್ಳಲಾರದ ಜೀವಿಗಳು ಸ್ಥಳವನ್ನೇ ತೊರೆದವು.

ಈ ಬದಲಾವಣೆಯನ್ನು ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರು ರಾಣೆಬೆನ್ನೂರಿನಲ್ಲಿ ಅರಣ್ಯೀಕರಣದ ಪರಿಣಾಮವನ್ನು ಕುರಿತ ತಮ್ಮ ಲೇಖನದಲ್ಲಿ ಚರ್ಚಿಸಿದ್ದಾರೆ. ಅದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಮುಂದೆ 1980ರ ದಶಕದಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಲಕ್ಷಾಂತರ ಸಸಿಗಳನ್ನು ನೆಡಿಸಿದ ಅಧಿಕಾರಿಯೂ ಇವರೇ.

ಪ್ರಾಣಿಗಳು

ಕೃಷ್ಣಮೃಗ

ಬೆಳೆದ ಕೃಷ್ಣಮೃಗವು ಭುಜದ ಬಳಿ ಸುಮಾರು 74ರಿಂದ 84 ಸೆಂಟಿಮೀಟರ್ ಎತ್ತರವಿರುತ್ತದೆ. ಗಂಡಿನ ತೂಕ 20ರಿಂದ 57 ಕಿಲೋಗ್ರಾಂ, ಹೆಣ್ಣಿನದು 20ರಿಂದ 33 ಕಿಲೋಗ್ರಾಂ. ಗಂಡಿನ ಕೊಂಬುಗಳು ತಿರುಪಿನಂತೆ ಸುತ್ತಿಕೊಂಡು 35ರಿಂದ 75 ಸೆಂಟಿಮೀಟರ್ ಉದ್ದಕ್ಕೆ ಬೆಳೆಯುತ್ತವೆ; ಹೆಣ್ಣಿಗೆ ಸಾಮಾನ್ಯವಾಗಿ ಕೊಂಬಿರುವುದಿಲ್ಲ. ಮರಿಗಳೂ ಹೆಣ್ಣುಗಳೂ ಹಳದಿ ಮಿಶ್ರಿತ ಕಂದು ಬಣ್ಣದವು. ಗಂಡುಗಳ ಮೈ ವಯಸ್ಸಾದಂತೆ ಕಪ್ಪಾಗುತ್ತದೆ. ಹೊಟ್ಟೆ, ಗದ್ದ ಮತ್ತು ಕಣ್ಣಿನ ಸುತ್ತಲಿನ ಬಿಳಿ ಮಾತ್ರ ಎಲ್ಲದರಲ್ಲಿಯೂ ಇರುತ್ತದೆ. ದಕ್ಷಿಣ ಭಾರತದ ಗಂಡುಗಳಲ್ಲಿ ಅನೇಕವು ಕಡುಗಪ್ಪಾಗದೆ ಗಾಢ ಕಂದು ಬಣ್ಣದಲ್ಲಿಯೇ ಉಳಿಯುವುದುಂಟು.

ಹುಲ್ಲೇ ಇವುಗಳ ಮುಖ್ಯ ಆಹಾರ. ಮೇವು ಸಾಕಷ್ಟಿರುವಾಗ ದೊಡ್ಡ ಹಿಂಡುಗಳಾಗಿ ಸೇರುತ್ತವೆ, ಬರಗಾಲದಲ್ಲಿ ಸಣ್ಣ ಗುಂಪುಗಳಾಗಿ ಚದುರುತ್ತವೆ. ಹೆಣ್ಣು ಮತ್ತು ಮರಿಗಳ ಹಿಂಡು, ಎಳೆಯ ಗಂಡುಗಳ ಹಿಂಡು, ತನ್ನ ಎಲ್ಲೆಯನ್ನು ಕಾಯುವ ಒಂಟಿ ಗಂಡು ಎಂದು ಇವುಗಳ ಸಮಾಜವನ್ನು ವಿಂಗಡಿಸಬಹುದು. ಎಲ್ಲೆ ಹಿಡಿದ ಗಂಡು ಒಂದೇ ಜಾಗದಲ್ಲಿ ಹಿಕ್ಕೆ ಹಾಕಿ, ಕಣ್ಣಿನ ಕೆಳಗಿರುವ ಗ್ರಂಥಿಯ ಸ್ರಾವವನ್ನು ಗಿಡಗಂಟಿಗಳಿಗೆ ಸವರಿ ಗಡಿ ಗುರುತಿಸುತ್ತದೆ. ಎದುರಾಳಿ ಬಂದಾಗ ಕತ್ತನ್ನು ಹಿಂದಕ್ಕೆ ಚಾಚಿ, ಕೊಂಬುಗಳನ್ನು ಬೆನ್ನಿಗೆ ಒರಗಿಸಿ ಗತ್ತಿನಿಂದ ನಡೆಯುತ್ತದೆ. ಗರ್ಭಧಾರಣೆಯ ಅವಧಿ ಸುಮಾರು ಆರು ತಿಂಗಳು; ಸಾಮಾನ್ಯವಾಗಿ ಒಂದು ಮರಿ ಹುಟ್ಟುತ್ತದೆ. ತಾಯಿಯು ಮರಿಯನ್ನು ಮೊದಲ ಕೆಲವು ದಿನ ಹುಲ್ಲಿನಲ್ಲಿ ಅಡಗಿಸಿಡುತ್ತದೆ. ಇಂಥ ಮರಿಯನ್ನು ಕಂಡವರು ಅನಾಥವೆಂದು ತಿಳಿದು ಮನೆಗೆ ಎತ್ತಿ ತರುವುದು ತಪ್ಪು. ತಾಯಿಯು ಹತ್ತಿರದಲ್ಲಿಯೇ ಇದ್ದು ಹಾಲೂಡಿಸಲು ಮರಳುತ್ತದೆ.

ಬೆದರಿದ ಹಿಂಡಿನಲ್ಲಿ ಮೊದಲು ಒಂದು ಮೃಗ ನೆಟ್ಟಗೆ ಮೇಲಕ್ಕೆ ನೆಗೆಯುತ್ತದೆ, ಬಳಿಕ ಉಳಿದವೂ ನೆಗೆಯುತ್ತ ಓಟಕ್ಕೆ ತೊಡಗುತ್ತವೆ. ಗಂಟೆಗೆ 80 ಕಿಲೋಮೀಟರ್ ವೇಗದವರೆಗೆ ಇವು ಓಡಬಲ್ಲವು. ಇವುಗಳನ್ನು ಬೆನ್ನಟ್ಟಿ ಹಿಡಿಯಬಲ್ಲ ಚೀತಾ ಭಾರತದಲ್ಲಿ ಅಳಿದುಹೋಯಿತೆಂದು 1952ರಲ್ಲಿ ಘೋಷಿಸಲಾಯಿತು. ಅಂದಿನಿಂದ ಬಯಲಿನ ಕೃಷ್ಣಮೃಗಕ್ಕೆ ಉಳಿದ ಮುಖ್ಯ ಸಹಜ ವೈರಿ ತೋಳ.

ಇತರ ಸಸ್ತನಿಗಳು

ತೋಳ, ಕತ್ತೆಕಿರುಬ, ನರಿ, ಗುಳ್ಳೆನರಿ, ಕಾಡುಬೆಕ್ಕು, ಕಾಡುಹಂದಿ, ಮುಳ್ಳುಹಂದಿ, ಮೊಲ, ಚಿಪ್ಪುಹಂದಿ ಮತ್ತು ಮುಸುವ ಇಲ್ಲಿನ ಇತರ ಸಸ್ತನಿಗಳು. ಸರೀಸೃಪಗಳಲ್ಲಿ ಉಡ ಮತ್ತು ಅನೇಕ ಜಾತಿಯ ಹಾವುಗಳಿವೆ. ಕತ್ತೆಕಿರುಬವು ಸತ್ತ ಪ್ರಾಣಿಗಳನ್ನು ತಿಂದು ಬಯಲನ್ನು ಶುಚಿಯಾಗಿಡುತ್ತದೆ. ರಾತ್ರಿ ಸಂಚಾರಿಯಾದ ಇದು ಹಗಲಿನಲ್ಲಿ ಕಲ್ಲುಬಂಡೆಗಳ ನಡುವಿನ ಬಿಲಗಳಲ್ಲಿ ಅಡಗಿರುವುದರಿಂದ ಕಾಣಸಿಗುವುದು ಅಪರೂಪ. ಭಾರತೀಯ ತೋಳವು ದಟ್ಟ ಕಾಡಿನ ಪ್ರಾಣಿಯಲ್ಲ. ಕುರುಚಲು ಕಾಡು ಮತ್ತು ಹೊಲಗಳ ಅಂಚಿನಲ್ಲಿ ಬದುಕುತ್ತದೆ. ಆದುದರಿಂದ ಕುರಿಗಾಹಿಗಳಿಗೂ ಅದಕ್ಕೂ ಹಳೆಯ ನಂಟೂ ಇದೆ, ಹಗೆಯೂ ಇದೆ.

ಹಕ್ಕಿಗಳು

ನವಿಲು, ಗೌಜಲು, ಲಾವುಗೆ, ಟಿಟ್ಟಿಭ, ನೆಲಗುಬ್ಬಿ, ಬೆಳವ, ಕಾಜಾಣ, ಕೋಗಿಲೆ, ಗೀಜುಗ ಮೊದಲಾದವು ಸಾಮಾನ್ಯವಾಗಿ ಕಾಣುವ ಹಕ್ಕಿಗಳು. ಇವುಗಳಲ್ಲಿ ಗೌಜಲು, ಲಾವುಗೆ, ಟಿಟ್ಟಿಭ, ನೆಲಗುಬ್ಬಿಗಳು ನೆಲದ ಮೇಲೆಯೇ ಮೊಟ್ಟೆಯಿಡುತ್ತವೆ. ಬೇಸಗೆಯಲ್ಲಿ ಹುಲ್ಲಿಗೆ ಬೀಳುವ ಬೆಂಕಿಯು ಇವುಗಳ ಮೊಟ್ಟೆಮರಿಗಳಿಗೆ ಕಂಟಕ. ಚಳಿಗಾಲದಲ್ಲಿ ಉತ್ತರದ ದೇಶಗಳಿಂದ ವಲಸೆ ಬರುವ ಸೆಳೆವ ಹಕ್ಕಿಗಳು ಹುಲ್ಲಿನ ಮೇಲೆ ತಗ್ಗಿನಲ್ಲಿ ಹಾರಾಡುತ್ತ ಮಿಡತೆ, ಇಲಿ, ಹಲ್ಲಿಗಳನ್ನು ಹಿಡಿಯುತ್ತವೆ. ಮಿಡತೆಗಳನ್ನು ತಿನ್ನುವ ಈ ಅತಿಥಿಗಳು ಕೃಷಿಕರಿಗೆ ಉಪಕಾರಿಗಳು.

ಎರೆಭೂತ

ಎರೆಭೂತವು ಹಾರಬಲ್ಲ ಹಕ್ಕಿಗಳಲ್ಲಿ ಅತ್ಯಂತ ಭಾರವಾದವುಗಳಲ್ಲಿ ಒಂದು. ಬೆಳೆದ ಗಂಡು 15 ಕಿಲೋಗ್ರಾಂವರೆಗೆ ತೂಗುತ್ತದೆ. ಎರೆ ಎಂದರೆ ಕಪ್ಪುಮಣ್ಣಿನ ನೆಲ. ಆ ಬಯಲುಗಳಲ್ಲಿ ಆಳೆತ್ತರದ ಆಕೃತಿಯಂತೆ ನಿಂತು ಸುತ್ತ ನೋಡುವ ಹಕ್ಕಿಗೆ ಈ ಹೆಸರು ಒಪ್ಪುತ್ತದೆ. ದೊರೆವಾಯನ ಹಕ್ಕಿ ಎಂಬ ಹೆಸರೂ ಕನ್ನಡದಲ್ಲಿದೆ. ಹೆಣ್ಣು ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನು, ಅದೂ ಬರಿನೆಲದ ಮೇಲೆ, ಇಡುತ್ತದೆ. ಆ ಮೊಟ್ಟೆಯನ್ನು ನಾಯಿ, ಕಾಗೆ, ದನಗಳ ಗೊರಸುಗಳಿಂದ ಕಾಪಾಡಿಕೊಳ್ಳುವುದು ಕಷ್ಟ.

ಕೃಷ್ಣಮೃಗವನ್ನು ಕುರಿತು ಘೋಷಿತವಾದ ಈ ಅಭಯಾರಣ್ಯದಲ್ಲಿ ಎರೆಭೂತವೂ ದಾಖಲಾಗಿತ್ತು. ಆದರೆ ಅದಕ್ಕೆ ಬೇಕಾದುದು ಮರವಿಲ್ಲದ ವಿಶಾಲ ಬಯಲು. ನೆಡುತೋಪುಗಳು ಎತ್ತರವಾದಂತೆ ಆ ಬಯಲು ಇಲ್ಲವಾಯಿತು. ಈ ಹಕ್ಕಿಯು ಇಂದು ರಾಣೆಬೆನ್ನೂರಿನಿಂದ ಮರೆಯಾಗಿದೆ. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಭಾಗದ ಎರೆನೆಲಗಳಲ್ಲಿ ಬೆರಳೆಣಿಕೆಯಷ್ಟು ಹಕ್ಕಿಗಳು ಕಂಡುಬಂದಿವೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು 2011ರಲ್ಲಿ ಎರೆಭೂತವನ್ನು ತೀವ್ರ ಅಳಿವಿನಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಕೃಷ್ಣಮೃಗವನ್ನು ಅದೇ ಒಕ್ಕೂಟವು ಸದ್ಯಕ್ಕೆ ಕಡಿಮೆ ಆತಂಕದ ವರ್ಗದಲ್ಲಿ ಇರಿಸಿದೆ. ಒಂದೇ ಬಯಲಿನಲ್ಲಿ ಬದುಕಿದ್ದ ಎರಡು ಜೀವಿಗಳ ಪಾಡು ಇಷ್ಟು ಬೇರೆಯಾಗಿದೆ.

ಕುಸನೂರು ಸತ್ಯಾಗ್ರಹ

ನೀಲಗಿರಿಯ ಪ್ರಶ್ನೆಯು ಅಭಯಾರಣ್ಯಕ್ಕಷ್ಟೇ ಸೀಮಿತವಾಗಿರಲಿಲ್ಲ. 1984ರಲ್ಲಿ ರಾಜ್ಯ ಸರ್ಕಾರವು ಕಾರ್ಖಾನೆಯ ಸಹಭಾಗಿತ್ವದಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಸಂಸ್ಥೆಯನ್ನು ಸ್ಥಾಪಿಸಿ, ಆಗಿನ ಧಾರವಾಡ ಜಿಲ್ಲೆ ಮತ್ತು ನೆರೆಯ ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯನ್ನು ನೆಡುತೋಪಿಗಾಗಿ ನೀಡಲು ಮುಂದಾಯಿತು. ಮೇವು, ಉರುವಲುಗಳಿಗೆ ಆ ಭೂಮಿಯನ್ನೇ ನಂಬಿದ್ದ ಹಳ್ಳಿಗರು ಇದನ್ನು ವಿರೋಧಿಸಿದರು. ಸಮಾಜ ಪರಿವರ್ತನ ಸಮುದಾಯದ ಎಸ್. ಆರ್. ಹಿರೇಮಠ, ಸಾಹಿತಿ ಕೆ. ಶಿವರಾಮ ಕಾರಂತ ಮೊದಲಾದವರು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. 1987ರ ನವೆಂಬರ್ 14ರಂದು, ಇಂದು ಹಾವೇರಿ ಜಿಲ್ಲೆಗೆ ಸೇರಿರುವ ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹ ನಡೆಯಿತು. ಸತ್ಯಾಗ್ರಹಿಗಳು ನೀಲಗಿರಿ ಸಸಿಗಳನ್ನು ಕಿತ್ತು, ಅವುಗಳ ಜಾಗದಲ್ಲಿ ಜನರಿಗೆ ಉಪಯುಕ್ತವಾದ ಸಸಿಗಳನ್ನು ಹಚ್ಚಿದರು. 1991ರಲ್ಲಿ ಆ ಜಂಟಿ ಸಂಸ್ಥೆಯನ್ನು ಮುಚ್ಚಲಾಯಿತು. ಹೊಸದಾಗಿ ನೀಲಗಿರಿ ನೆಡುವುದನ್ನು ಕರ್ನಾಟಕ ಸರ್ಕಾರವು 2017ರಲ್ಲಿ ನಿಷೇಧಿಸಿತು.

ರೈತರು ಮತ್ತು ಕೃಷ್ಣಮೃಗ

ಅಭಯಾರಣ್ಯಕ್ಕೂ ಹೊಲಗಳಿಗೂ ನಡುವೆ ಕೃಷ್ಣಮೃಗ ಗುರುತಿಸುವಂಥ ಗಡಿಯೇನೂ ಇಲ್ಲ. ಮುಂಗಾರು ಬಿತ್ತನೆಯಾಗಿ ಪೈರು ಮೊಳಕೆಯೊಡೆಯುವ ಜೂನ್–ಜುಲೈ ತಿಂಗಳುಗಳಲ್ಲಿ ಹಿಂಡುಗಳು ಹೊಲಕ್ಕಿಳಿಯುತ್ತವೆ. ಗೋವಿನಜೋಳ, ಶೇಂಗಾ, ಹೆಸರು, ಹತ್ತಿಯ ಎಳೆಯ ಚಿಗುರನ್ನು ಮೇಯುವುದರ ಜೊತೆಗೆ, ಓಡಾಟದ ತುಳಿತದಿಂದಲೂ ಬೆಳೆ ಹಾಳಾಗುತ್ತದೆ. ಒಮ್ಮೆ ಚಿಗುರು ಹೋದರೆ ಮತ್ತೆ ಬೀಜ, ಗೊಬ್ಬರ ತಂದು ಬಿತ್ತಬೇಕು. ಅಷ್ಟರಲ್ಲಿ ಹದ ಕಳೆದಿರುತ್ತದೆ. ಸಣ್ಣ ಹಿಡುವಳಿದಾರನಿಗೆ ಇದು ವರ್ಷದ ಅನ್ನದ ಪ್ರಶ್ನೆ.

ರೈತರು ಹೊಲದ ಸುತ್ತ ಹಳೆಯ ಸೀರೆಗಳನ್ನು ಕಟ್ಟುವುದು, ಬೆದರುಬೊಂಬೆ ನಿಲ್ಲಿಸುವುದು, ಡಬ್ಬಿ ಬಡಿಯುವುದು, ರಾತ್ರಿ ಕಾವಲು ಕಾಯುವುದು ಮುಂತಾದ ಉಪಾಯಗಳನ್ನು ಅನುಸರಿಸುತ್ತಾರೆ. ಕೆಲವು ದಿನಗಳಲ್ಲಿ ಪ್ರಾಣಿಗಳು ಇವಕ್ಕೆ ಒಗ್ಗಿಹೋಗುತ್ತವೆ. ವನ್ಯಪ್ರಾಣಿಗಳಿಂದಾಗುವ ಬೆಳೆಹಾನಿಗೆ ಅರಣ್ಯ ಇಲಾಖೆಯ ಮೂಲಕ ಪರಿಹಾರ ನೀಡುವ ವ್ಯವಸ್ಥೆ ರಾಜ್ಯದಲ್ಲಿದೆ. ಆದರೆ ಮೊಳಕೆಯ ಹಂತದ ಹಾನಿಯನ್ನು ಅಳೆಯುವುದು, ಯಾವ ಪ್ರಾಣಿಯಿಂದ ಆಯಿತೆಂದು ತೋರಿಸುವುದು ಸುಲಭವಲ್ಲ.

ಇನ್ನೊಂದು ಕಡೆ, ಕೃಷ್ಣಮೃಗವು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಯಲ್ಲಿದೆ. ಇದನ್ನು ಕೊಲ್ಲುವುದು ಮೂರರಿಂದ ಏಳು ವರ್ಷಗಳವರೆಗೆ ಸೆರೆವಾಸ ಹಾಗೂ ದಂಡಕ್ಕೆ ಗುರಿಮಾಡುವ ಅಪರಾಧ. ಬೇಲಿಗೆ ವಿದ್ಯುತ್ ಹರಿಸುವುದು, ಉರುಳು ಹಾಕುವುದು ಕಾನೂನುಬಾಹಿರ ಮಾತ್ರವಲ್ಲ, ಮನುಷ್ಯರ ಪ್ರಾಣಕ್ಕೂ ಅಪಾಯಕಾರಿ. ಅಭಯಾರಣ್ಯದ ಒಳಗೆ ಹುಲ್ಲು ಮತ್ತು ನೀರು ವರ್ಷವಿಡೀ ದೊರೆಯುವಂತಾದರೆ ಹೊಲಗಳ ಮೇಲಿನ ಒತ್ತಡ ತಗ್ಗೀತು ಎಂಬುದು ಸಂರಕ್ಷಣಾಸಕ್ತರ ವಾದ. ಹೀಗೆ ಹುಲ್ಲುಗಾವಲಿನ ಪ್ರಶ್ನೆಯೂ ರೈತರ ಪ್ರಶ್ನೆಯೂ ಕೊನೆಗೆ ಒಂದರೊಡನೊಂದು ಹೆಣೆದುಕೊಂಡಿವೆ.

ಸಂಸ್ಕೃತಿಯಲ್ಲಿ

ಕೃಷ್ಣಸಾರವು ಸಹಜವಾಗಿ ಸಂಚರಿಸುವ ನಾಡು ಯಜ್ಞಕ್ಕೆ ಯೋಗ್ಯವಾದುದು ಎಂದು ಮನುಸ್ಮೃತಿಯು ಹೇಳುತ್ತದೆ. ಇದರ ಚರ್ಮವಾದ ಕೃಷ್ಣಾಜಿನವು ವೈದಿಕ ಕರ್ಮಗಳಲ್ಲಿ ಬಳಕೆಯಾಗುತ್ತಿತ್ತು. ಕಾಳಿದಾಸನ ಅಭಿಜ್ಞಾನ ಶಾಕುಂತಲ ನಾಟಕವು ದುಷ್ಯಂತನು ಇಂಥದೊಂದು ಮೃಗವನ್ನು ಬೆನ್ನಟ್ಟಿ ಬರುವುದರೊಂದಿಗೆ ತೆರೆಯುತ್ತದೆ. ಆಶ್ರಮದ ಮೃಗವನ್ನು ಕೊಲ್ಲಬಾರದೆಂದು ತಪಸ್ವಿಗಳು ರಾಜನನ್ನು ತಡೆಯುತ್ತಾರೆ. ರಾಜಸ್ಥಾನದ ಬಿಷ್ಣೋಯಿ ಸಮುದಾಯದವರು ಕೃಷ್ಣಮೃಗವನ್ನು ಪವಿತ್ರವೆಂದು ಭಾವಿಸಿ ಕಾಪಾಡುತ್ತ ಬಂದಿದ್ದಾರೆ. ಆಂಧ್ರಪ್ರದೇಶ, ಪಂಜಾಬ್ ಮತ್ತು ಹರಿಯಾಣಗಳ ರಾಜ್ಯಪ್ರಾಣಿಯೂ ಇದೇ ಆಗಿದೆ.

ಸಂದರ್ಶನ

ರಾಣೆಬೆನ್ನೂರು ಪಟ್ಟಣವು ಬೆಂಗಳೂರು–ಪುಣೆ ರಾಷ್ಟ್ರೀಯ ಹೆದ್ದಾರಿ 48ರ ಮೇಲೆ, ಬೆಂಗಳೂರಿನಿಂದ ಸುಮಾರು 300 ಕಿಲೋಮೀಟರ್ ದೂರದಲ್ಲಿದೆ. ಬೆಂಗಳೂರು–ಹುಬ್ಬಳ್ಳಿ ರೈಲುಮಾರ್ಗದಲ್ಲಿ ರಾಣೆಬೆನ್ನೂರು, ಬ್ಯಾಡಗಿ ಮತ್ತು ಹಾವೇರಿ ನಿಲ್ದಾಣಗಳಿವೆ. ಅಭಯಾರಣ್ಯವು ಪಟ್ಟಣಕ್ಕೆ ಸಮೀಪದಲ್ಲಿಯೇ ಇದೆ. ಅಕ್ಟೋಬರ್‌ನಿಂದ ಫೆಬ್ರವರಿಯವರೆಗಿನ ಅವಧಿ ವೀಕ್ಷಣೆಗೆ ಅನುಕೂಲಕರ. ಪ್ರಾಣಿಗಳು ಮೇಯಲು ಹೊರಬರುವ ಮುಂಜಾನೆ ಮತ್ತು ಸಂಜೆಯ ಹೊತ್ತು ಸೂಕ್ತ. ಪ್ರವೇಶಕ್ಕೆ ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕು. ಹಿಂಡನ್ನು ವಾಹನದಿಂದ ಬೆನ್ನಟ್ಟುವುದು, ಒಣಹುಲ್ಲಿನ ಬಳಿ ಬೆಂಕಿ ಹಚ್ಚುವುದು ನಿಷಿದ್ಧ.

ಸಂಬಂಧಿತ ತಾಣಗಳು

ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರ ಕೋಟೆಯ ಆವರಣವನ್ನು 2006ರಲ್ಲಿ ನವಿಲುಧಾಮವೆಂದು ಘೋಷಿಸಲಾಗಿದೆ. ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲ್ಲೂಕಿನಲ್ಲಿರುವ ಬಂಕಾಪುರ ತೋಳಧಾಮವು ಇದಕ್ಕಿಂತ ಬೇರೆಯಾದುದು. ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿರುವ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಮತ್ತು ಚಿಕ್ಕಮಗಳೂರು ಜಿಲ್ಲೆಯ ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲು ಕರ್ನಾಟಕದಲ್ಲಿ ಕೃಷ್ಣಮೃಗಗಳನ್ನು ಕಾಣಬಹುದಾದ ಇತರ ತಾಣಗಳು. ಗುಜರಾತಿನ ವೇಲಾವದರ್ ರಾಷ್ಟ್ರೀಯ ಉದ್ಯಾನವು ತೆರೆದ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳನ್ನು ಕಾಪಾಡಿಕೊಂಡು ಬಂದ ಪ್ರಸಿದ್ಧ ತಾಣವಾಗಿದೆ.